ಬಸ್‌ಸ್ಟ್ಯಾಂಡಿನ ಸೇವಂತಿಗೆ

ಅಕ್ಟೋಬರ್ 28, 2007. ಭಾನುವಾರ

ಇವತ್ತೂ ಲೇಟ್. ಹೋಗೋ ಹೊತ್ತಿಗೆ ಪಕ್ಕದ್ಮನೆ ಮಂಗಳಾಂಟಿ ಅಂಗಳದ ಅರ್ಧ ಕೆಲ್ಸ ಮುಗ್ಸಿದ್ರು. ಗಿಡಕ್ಕೆ ಕೋಲು ಕಟ್ಟೋದು ಮಾತ್ರ ನಂಗೆ ಅಂತ ಬಿಟ್ಟಿದ್ರು. ಕೈ ಹಾಕಕ್ಕೆ ಹೋದೆ — "ಇಬ್ಬನಿ ಆರ್ಲಿ ಮಾರಾಯ್ತಿ. ಒದ್ದೆ ಎಲೆ ಮುಟ್ಟಿದ್ರೆ ಚುಕ್ಕೆ ಬೀಳುತ್ತೆ." ಕಟ್ಟೆ ಮೇಲೆ ಕೂತು ಕಾಫಿ. ಚಳಿ ಶುರು. ನಮ್ಮನೇಲಿ ತೆಂಗಿನೆಣ್ಣೆ ಬಾಟ್ಲೀಲಿ ಬೆಳ್ಳಗೆ ಗಟ್ಟಿಯಾಗಿದೆ.

ಥ್ರೆಡ್ಡಲ್ಲಿ ಸುದರ್ಶನ ಬರೆದಿದ್ದು ಹೇಳ್ದೆ. ಶೃಂಗೇರಿ ಹುಡುಗ, ಆರ್ಕುಟ್ ಕಮ್ಯುನಿಟೀಲಿ ಗಿಡದ ವಿಷ್ಯಕ್ಕೆಲ್ಲ ಅವ್ನೇ ಮೇಷ್ಟ್ರು. ಪಕ್ಕದ ಮೊಗ್ಗೆಲ್ಲ ಕಿತ್ತು ತುದೀದೊಂದೇ ಬಿಟ್ರೆ ಸೇವಂತಿಗೆ ಅಂಗೈ ಅಗಲ ಆಗುತ್ತಂತೆ.

"ಅವ್ನಿಗೆ ಮದ್ವೆ ಆಗಿದ್ಯಾ?"

"ಇಲ್ಲ ಆಂಟಿ, ಡಿಗ್ರಿ ಓದ್ತಿದಾನೆ."

"ಅದ್ಕೇ. ಅಂಗೈ ಅಗಲದ್ದು ಮುಡ್ಕೊಂಡ್ರೆ ಹೆಂಗಸು ಕಾಣಲ್ಲ, ಹೂವಿನ ಕುಂಡ ನಡ್ಕೊಂಡು ಬಂದಂಗೆ ಕಾಣುತ್ತೆ ಅಂತ ಬರಿ. ಮೊಗ್ಗೆಲ್ಲ ಇರ್ಲಿ."

ಸೈಬರ್ ಕೆಫೆಗೆ ಹೋಗಿ ಅದನ್ನೇ ಟೈಪ್ ಮಾಡಿದೆ. ಸುದರ್ಶನ ಆನ್‌ಲೈನ್ ಇದ್ದ. "ಆಂಟಿಗೆ ನನ್ನ ನಮಸ್ಕಾರ, ಸೋತೆ" ಅಂದ. ಬೇರೆಯೋರು ಯಾರು ಈ ಆಂಟಿ ಅಂತ ಕೇಳಿದ್ರು. ಬರೆದೆ: ಹೆಸರು ಸರ್ವಮಂಗಳಾ. ಕೊಪ್ಪ. ನಮ್ಮ ಪಕ್ಕದ ಕ್ವಾರ್ಟರ್ಸ್. ಗಂಡ ಲೈನ್‌ಮ್ಯಾನ್. ಮಗಳು ದಾವಣಗೆರೇಲಿ. ಅಂಗಳ ಅಂದ್ರೆ ಎರಡು ಮಂಚ ಹಾಕೋವಷ್ಟು ಜಾಗ, ಅದ್ರಲ್ಲಿ ಇಲ್ಲದ ಹೂವಿಲ್ಲ.

ಆರ್ಕುಟ್ಟಲ್ಲಿ ಫ್ಯಾನ್ ಅಂತ ಒತ್ತೋದು ಇದೆಯಲ್ಲ. ಆಂಟಿಗೆ ಅಕೌಂಟೇ ಇಲ್ಲ. ಇದ್ದಿದ್ರೆ ಮೊದಲು ಒತ್ತೋಳು ನಾನೇ.


ನವೆಂಬರ್ 4, ಭಾನುವಾರ

ಡೇರೆ ಹೂವು ಮುಗೀತು. ದಂಟು ಕೊಯ್ದು ಗಡ್ಡೆ ಮೇಲೆ ಬೂದಿ ಮಣ್ಣು ಎಳೆದ್ವಿ. ಇನ್ನು ಸೇವಂತಿಗೇದೇ ಕಾರುಬಾರು.

ಆಂಟಿಯ ಸ್ಪೆಷಲ್ ಬೇರೆ ಇದೆ. ತವರಿಂದ ತಂದಿದ್ದು. ಮುಂದೆ ನೋಡಿದ್ರೆ ಬಿಳಿ, ಎಸಳಿನ ಬೆನ್ನು ನೇರಳೆ. ಕೊಪ್ಪದಲ್ಲಿ ಬೇರೆ ಯಾರ ಮನೇಲೂ ಇಲ್ಲ. ಅಮ್ಮ ಎರಡು ಸಲ ಮರಿ ತಂದು ನೆಟ್ಟು ಸಾಯ್ಸಿದಾಳೆ — ನಮ್ಮಂಗಳಕ್ಕೆ ಬಿಸ್ಲೇ ಬೀಳಲ್ಲ. ಆಂಟಿ ಗಿಡದಲ್ಲಿ ಇನ್ನೂ ಕಡ್ಲೆ ಗಾತ್ರದ ಮೊಗ್ಗು. ಯಾಕೆ ಇಷ್ಟು ಹಿಂದೆ ಬಿದ್ದಿದೆ ಅಂತ ಕೇಳ್ದೆ.

"ನಾನೇ ಹಿಂದೆ ಹಾಕಿದ್ದು. ಗೌರಿ ಹಬ್ಬಕ್ಕೆ ಕುಡಿ ಚಿವುಟೋದು ಬಿಡ್ಬೇಕಿತ್ತು. ನಿಮ್ಮಕ್ಕಂಗೆ ಡಿಸೆಂಬರ್ ಎರಡು ಅಂತ ಆಯ್ತಲ್ಲ, ಅದ್ಕೇ ಇನ್ನೊಂದು ಸಲ ಚಿವುಟ್ದೆ. ಸರಿಯಾಗಿ ಆವತ್ತಿಗೆ ಅರಳುತ್ತೆ ನೋಡು."

ನಿಶ್ಚಿತಕ್ಕನ ಎಂಗೇಜ್‌ಮೆಂಟಿಗೆ ಗಿಡವನ್ನೇ ಕಾಯ್ಸಿದಾರೆ!

ರೇಣುಕಪ್ಪ ಅಂಕಲ್ ಡ್ಯೂಟಿಗೆ ಹೊರಟಿದ್ರು. "ಏನೇ ಗಗನಾ, ಈ ಮನೇಲಿ ಸಗಣಿ ನೀರಿಗಿರೋ ಮರ್ಯಾದೆ ನಂಗಿಲ್ಲ ಅಂತ ನಿನ್ನ ಕಂಪ್ಯೂಟರಲ್ಲಿ ಹಾಕು" ಅಂದ್ರು. ಆಂಟಿ, "ಸಗಣಿ ನೀರು ಹೇಳಿದ್ ಮಾತು ಕೇಳುತ್ತೆ" ಅಂದ್ರು. ಹಾಗಂತಾರೆ, ಪಾತಿ ಸುತ್ತ ಕರೆಂಟ್ ಕಂಬದ ಒಡೆದ ಪಿಂಗಾಣಿ ತಂದು ಸಾಲಾಗಿ ಹುಗಿದೋರು ಅವ್ರೇ.


ನವೆಂಬರ್ 9, ಶುಕ್ರವಾರ. ದೀಪಾವಳಿ

ಬೆಳಿಗ್ಗೆ ಆಂಟಿ ಗೇಟ್ ಮುಂದೆ ಕ್ಯೂ. ಓಣಿ ಹೆಂಗಸರೆಲ್ಲ ತಟ್ಟೆ, ಬುಟ್ಟಿ ಹಿಡ್ಕೊಂಡು. ಹಳದಿ ಸೇವಂತಿಗೆ ಬಂದಿದೆ. ಎಲ್ರಿಗೂ ಆಂಟಿ ಕೈಯಿಂದಾನೇ ಬೇಕು. ನಾನು ಕೊಯ್ದು ಕೊಡ್ತೀನಿ ಅಂದ್ರೆ ಆ ಸಿರಿಮನೆ ಅಜ್ಜಿ, "ಬೇಡ ಮಗ, ಮುತ್ತೈದೆ ಕೈದೇ ಇರ್ಲಿ" ಅಂತು. ಆಂಟಿ ಖುಷಿ ನೋಡ್ಬೇಕಿತ್ತು.

ಅಪ್ಪನ ಮೊಬೈಲಲ್ಲಿ ಫೋಟೋ ತೆಗ್ದೆ. ಸೈಬರ್ ರಜ. ಸೋಮವಾರ ಅಪ್‌ಲೋಡ್.


ನವೆಂಬರ್ 14, ಬುಧವಾರ

ಭಾನುವಾರ ರೇಣುಕಪ್ಪ ಅಂಕಲ್ ಹೋಗ್ಬಿಟ್ರು.

ಊಟ ಮಾಡಿ ಎದೆ ಉರಿ ಅಂದ್ರಂತೆ. ಆಂಟಿ ಜೀರಿಗೆ ನೀರು ತರಕ್ಕೆ ಒಳಗೆ ಹೋದ್ರಂತೆ. ಅಪ್ಪ ಜೀಪ್ ತರೋ ಹೊತ್ತಿಗೆ...

ಬಾಳೆಹೊನ್ನೂರ ಹತ್ರ ಅವರೂರಿಗೆ ತಗೊಂಡೋಗಿ ಮಣ್ಣು ಮಾಡಿದ್ರು. ಅಮ್ಮ ಅಪ್ಪ ಹೋಗಿದ್ರು. ಅಮ್ಮ ಬಂದೋಳು ಸ್ನಾನ ಮಾಡಿ ಬಚ್ಚಲ ಒಲೆ ಮುಂದೆ ಕೂತು ಅತ್ತು ಅತ್ತು ಸುಮ್ನಾದ್ಲು. "ಬಳೆ ತೆಗೀವಾಗ ನನ್ನ ಕೈ ಹಿಡ್ಕೊಂಡಿದ್ಲು" ಅಂದ್ಲು. ಅಷ್ಟೇ.

ನಾನು ದಿನಾ ಗಿಡಕ್ಕೆ ನೀರು ಹಾಕ್ತಿದೀನಿ. ಬೇರೆ ಏನು ಮಾಡ್ಬೇಕು ಗೊತ್ತಿಲ್ಲ.


ನವೆಂಬರ್ 18, ಭಾನುವಾರ

ಆಂಟಿ ಬಂದ್ರು. ಮಗಳೂ ಜೊತೇಲಿ. ಹಣೆ ಮೇಲೆ ಬರೀ ವಿಭೂತಿ. ನಂಗೆ ಮುಖ ನೋಡಕ್ಕೇ ಆಗ್ಲಿಲ್ಲ, ಗಿಡ ನೋಡ್ತಾ ನಿಂತೆ.

ಅವ್ರು ಬಂದೋರೇ ಕೊಡ ತಗೊಂಡ್ರು. ಮಗಳು, "ಅಮ್ಮಾ ಈಗಷ್ಟೇ ವಾರ ಆಗಿದೆ, ನೋಡ್ದೋರು ಏನಂತಾರೆ" ಅಂದ್ರು.

"ಲಿಂಗ ಕಟ್ಟಿದ ನಮ್ಮಲ್ಲಿ ಸೂತಕ ಎಲ್ಲಿದೆಯೇ? ಗಿಡಕ್ಕಂತೂ ಇಲ್ಲ."

ನೀರು ಹಾಕ್ತಾ ಒಂದೊಂದು ಗಿಡದ ಹತ್ರಾನೂ ನಿಂತ್ರು. ನಾನು ಕೋಲಿಗೆ ಕಟ್ಟಿದ್ದು ಬಿಗಿ ಆಗಿತ್ತಂತೆ. ಬಿಚ್ಚಿ ಸಡಿಲ ಕಟ್ಟಿದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.


ನವೆಂಬರ್ 23, ಶುಕ್ರವಾರ

ಈ ವಾರ ತುಳಸಿ ಪೂಜೆ ಆಯ್ತು. ಆಂಟಿ ಗೇಟಿಗೆ ಯಾರೂ ಬರ್ಲಿಲ್ಲ.

ಮೊದ್ಲು ನಂಗೆ ಗೊತ್ತಾಗ್ಲೇ ಇಲ್ಲ. ಚಳಿ, ಮಂಜು, ಎದ್ದಿರಲ್ಲ ಅಂದ್ಕೊಂಡೆ. ಆಂಟಿ ಬೆಳಿಗ್ಗೇನೇ ಅಂಗಳ ಗುಡಿಸಿ, ಹಳದಿ ಸೇವಂತಿಗೆ ಕೊಯ್ದು, ಬುಟ್ಟಿ ಕಟ್ಟೆ ಮೇಲಿಟ್ಟು ಒಳಗೆ ಹೋದ್ರು. ಮಧ್ಯಾಹ್ನ ನೋಡಿದ್ರೆ ಬುಟ್ಟಿ ಹಾಗೇ. ಎಲ್ಲ ಬಾಡಿತ್ತು. ಸಿರಿಮನೆ ಅಜ್ಜಿ ಕೈಲಿ ಬಸ್‌ಸ್ಟ್ಯಾಂಡ್ ಹೂವಿನ ಪೊಟ್ಟಣ. ಆಂಟಿ ಗೇಟ್ ದಾಟೋವಾಗ ಸೆರಗಿನೊಳಗೆ ಇಟ್ಕೊಳ್ತು.

ಸಂಜೆ ಆಂಟಿ ಬುಟ್ಟೀನ ಗೊಬ್ಬರದ ಗುಂಡಿಗೆ ಮಗುಚಿದ್ರು. ನನ್ನ ನೋಡಿ, "ಗುಂಡಿಗೂ ಒಂದು ಹಬ್ಬ ಆಗ್ಲಿ" ಅಂದ್ರು. ನಗೋಕೆ ಟ್ರೈ ಮಾಡಿದೆ. ಆಗ್ಲಿಲ್ಲ.

ದೀಪಾವಳಿ ಫೋಟೋಗೆ ಕಾಮೆಂಟ್ ಮೇಲೆ ಕಾಮೆಂಟ್. ಸೂಪರ್. ಆಸಮ್. ಆಂಟಿ ರಾಕ್ಸ್. ರಿಪ್ಲೈ ಮಾಡ್ದೇ ಲಾಗೌಟ್ ಆದೆ.


ನವೆಂಬರ್ 27, ಮಂಗಳವಾರ

ಅಮ್ಮನ ಹತ್ರ ಜಗಳ.

ಅಮ್ಮ ಬಸ್‌ಸ್ಟ್ಯಾಂಡ್ ಹೂವಿನೋಳಿಗೆ ಶನಿವಾರಕ್ಕೆ ಸೇವಂತಿಗೆ ಹೇಳ್ತೀನಿ ಅಂದ್ಲು. ಆಂಟಿ ಗಿಡ ಚಿವುಟಿ ಕಾಯ್ಸಿದ್ದು ಹೇಳ್ದೆ. ಅವಳಿಗೂ ಗೊತ್ತಿದೆ. ಮೂರು ವಾರದ ಹಿಂದೆ ಅವಳೇ ಊರೆಲ್ಲ ಹೇಳ್ಕೊಂಡು ಬಂದಿದ್ದು.

"ಈಗ ಹಾಗಲ್ಲ ಕಣೆ."

"ಏನು ಹಾಗಲ್ಲ? ಹೂವು ಅದೇ ತಾನೆ?"

"ಹೂವು ಅದೇ. ನಂಗೇನು ಕರುಳು ಚುರುಕ್ ಅನ್ನಲ್ವಾ? ನಾಳೆ ನಿಮ್ಮಕ್ಕ ಆ ಮನೆಗೆ ಹೋಗಿ ಒಂದು ತಲೆನೋವು ಅಂತ ಮಲಗಿದ್ರೂ, ಶಾಸ್ತ್ರದ ದಿನ ಎಂಥ ಹೂವು ಮುಡ್ಸಿದ್ರಿ ಅಂತ ಕೇಳ್ತಾರೆ. ಗಿರಿಯಮ್ಮ ಎಂಥೋರು ಅಂತ ನಿಂಗೊತ್ತಿಲ್ಲ."

ಗಿರಿಯಮ್ಮ ಅಂದ್ರೆ ಭಾವ ಆಗೋರ ಅಮ್ಮ. ಊರು ಭಂಡಿಗಡಿ. ನಮ್ಮ ಕಾಫಿಗೆ ಸಕ್ರೆ ಜಾಸ್ತಿ ಅಂತ ಹೇಳಿ ಎರಡು ಲೋಟ ಕುಡ್ದೋರು.

"ನಾನೇ ಕೇಳ್ಕೊಂಡು ಬರ್ತೀನಿ, ನೀನು ಮಾತಾಡ್ಬೇಡ."

"ಹೋಗ್ಬೇಡ. ಕೊಟ್ರೆ ಬೇಡ ಅನ್ನಕ್ಕಾಗಲ್ಲ. ಅದ್ಕೇ ಕೇಳಕ್ಕೇ ಹೋಗ್ಬಾರ್ದು."

ಇಷ್ಟು ಹೇಳಿ ಡಬ್ಬಿಗೆ ಸಾರು ಹಾಕಿ, "ಬಿಸಿ ಇದ್ದಾಗ್ಲೇ ಮಂಗಳಕ್ಕಂಗೆ ಕೊಟ್ಬಾ" ಅಂದ್ಲು. ದಿನಾ ಕಳಿಸ್ತಾಳೆ. ಸಾರು ಹೋಗ್ಬೋದು, ಹೂವು ಬರೋ ಹಾಗಿಲ್ಲ.

ನೇರಳೆ ಬೆನ್ನಿಂದು ಬಾಯಿ ಬಿಡ್ತಿದೆ. ಆಂಟಿ ಹೇಳಿದ ಲೆಕ್ಕಕ್ಕೇ.


ಡಿಸೆಂಬರ್ 1, ಶನಿವಾರ. ಸಂಜೆ

ಮಾಡ್ಬಿಟ್ಟೆ.

ಅಮ್ಮ ದುಡ್ಡು ಕೊಟ್ಟು ಬಸ್‌ಸ್ಟ್ಯಾಂಡಿಗೆ ಕಳ್ಸಿದ್ಲು. ಹೋದೆ. ಹೂವಿನೋಳ ಹತ್ರ ಇದ್ದಿದ್ದು ನೋಡಿದ್ರೆ... ಇಬ್ಬನಿಗೆ ಕಂದು ಹಿಡಿದಿದ್ದು. ವಾಪಸ್ ಬರೋವಾಗ ಆಂಟಿ ಗೇಟಲ್ಲಿ ನಿಂತಿದ್ರು. ನನ್ನ ಕೈ ನೋಡಿದ್ರು. ಖಾಲಿ ಚೀಲ.

"ಸಿಗ್ಲಿಲ್ವಾ?"

"ಚೆನ್ನಾಗಿಲ್ಲ ಆಂಟಿ."

ಗೇಟಿನ ಚಿಲಕ ತೆಗೆದ್ರು. ಆಮೇಲೆ, "ನಾನು ಒಳಗಿರ್ತೀನಿ. ನೀನೇ ಬಂದು ಕೊಯ್ಕೋ. ನನ್ನ ಕೈ ತಾಗಲ್ಲ" ಅಂದ್ರು. ಬಾಗ್ಲು ಹಾಕ್ಕೊಂಡ್ರು.

ಅದು ಕೇಳಿದ ಮೇಲೆ ಹೇಗೆ ಬಿಟ್ಟು ಬರೋದು? ಕೊಯ್ದೆ. ತೊಟ್ಟು ಉದ್ದ ಬಿಟ್ಟು, ಅವ್ರು ಹೇಳ್ಕೊಟ್ಟ ಹಾಗೇ. ಬಿಳೀ ಬಿಳೀ, ತಿರುಗಿಸಿದ್ರೆ ನೇರಳೆ. ಕೈ ಮರಗಟ್ಟಿ ಹೋಯ್ತು ಚಳಿಗೆ. ಚೀಲ ತುಂಬ್ತು.

ಅಮ್ಮಂಗೆ ಶೃಂಗೇರಿ ಕಡೆಯಿಂದ ಲೋಡ್ ಬಂದಿತ್ತು, ಬಸ್‌ಸ್ಟ್ಯಾಂಡಲ್ಲಿ ಸಿಕ್ತು ಅಂದೆ. ದುಡ್ಡು ದೇವರ ಹುಂಡಿಗೆ ಹಾಕ್ದೆ. ಅಮ್ಮ ಬಾಳೆನಾರು ನೆನೆಸಿ ಕಟ್ಟಕ್ಕೆ ಕೂತ್ಲು. ಒಂದು ಹೂವು ಎತ್ತಿ ಹಿಂದೆ ತಿರುಗ್ಸಿದ್ಲು. ಏನೂ ಹೇಳ್ದೆ ಕಟ್ಟಕ್ಕೆ ಶುರು ಮಾಡಿದ್ಲು.

ಗೊತ್ತಾಗಿಲ್ಲ. ಬಚಾವ್.


ಡಿಸೆಂಬರ್ 2, ಭಾನುವಾರ

ಶಾಸ್ತ್ರ ಚೆನ್ನಾಗಾಯ್ತು. ಉಂಗ್ರ ಆಯ್ತು, ಊಟ ಆಯ್ತು. ಅಕ್ಕನ ಜಡೆ ತುಂಬ ಹೂವು. ಎಲ್ರ ತಲೇಲೂ ಅದೇ. ಮಾರ್ಚಲ್ಲಿ ಮದುವೆ.

ಬೇಡ. ಇದಲ್ಲ ಬರೀಬೇಕಾಗಿರೋದು.

ಹೊರಡೋ ಹೊತ್ತು. ಗಿರಿಯಮ್ಮ ವ್ಯಾನ್ ಹತ್ರ ನಿಂತು ತಲೆ ಹಿಂದೆ ಕೈ ಹಾಕಿ ಹೂವು ಮುಟ್ಕೊಂಡು, "ಎಂಥ ಹೂವು ಮಾರಾಯ್ರೆ, ನಾನು ಈ ಜಾತೀನೇ ನೋಡಿಲ್ಲ. ಎಲ್ಲಿಂದ ತರ್ಸಿದ್ರಿ?" ಅಂದ್ರು.

ಬೇಲಿ ಆಚೆ ಆಂಟಿ. ಬಟ್ಟೆ ಒಣ ಹಾಕ್ತಿದ್ರೋ, ಇಲ್ಲ ನೋಡಕ್ಕೇ ಅಂತ ಬಂದಿದ್ರೋ. ಮುಖದಲ್ಲಿ ನಗು ಇತ್ತು. ನಂಗೆ ಕಂಡಿತು. ಹೇಳ್ತಾರೆ ಈಗ, ನಂದೇ ಅಂತ ಹೇಳ್ತಾರೆ ಅನ್ನೋ ಥರ ಬಾಯಿ ತೆಗೆದಿದ್ರು.

ಅಮ್ಮ ಆಂಟಿ ಮುಖ ನೋಡಿದ್ಲು. ನೋಡ್ತಾನೇ ಹೇಳಿದ್ಲು — "ಬಸ್‌ಸ್ಟ್ಯಾಂಡಿಂದು."

ಗಿರಿಯಮ್ಮ ಮಂಗಳಾಂಟಿ ಕಡೆ ತಿರುಗಿದ್ರು. ಹಣೆ ನೋಡಿದ್ರು. ಆಮೇಲೆ ಅಂಗಳ ನೋಡಿದ್ರು. ಗಿಡದಲ್ಲಿ ನಾನು ಬಿಟ್ಟಿದ್ದ ನಾಲ್ಕು ಹೂವು ಇತ್ತು.

"ನಿಮ್ಮಲ್ಲೂ ಅದೇ ಥರ ಇದೆಯಲ್ಲ?"

ಆಂಟಿ ಹಿಂದೆ ತಿರುಗಿ ಗಿಡ ನೋಡಿದ್ರು, ಮೊದಲ್ನೇ ಸಲ ನೋಡೋರ ಥರ.

"ದೂರಕ್ಕೆ ಹಾಗೆ ಕಾಣುತ್ತೆ. ಇದು ಬರೀ ಕಾಡು ಜಾತಿ. ಬಸ್‌ಸ್ಟ್ಯಾಂಡಲ್ಲಿ ಈ ಸಲ ಒಳ್ಳೆ ಹೂವು ಬಂದಿದೆ, ನಾನೂ ನೋಡ್ದೆ."

ವ್ಯಾನ್ ಹೋಯ್ತು. ಆಂಟಿ ಒಣ ಹಾಕಿದ ಸೀರೆ ಮತ್ತೆ ತೆಗ್ದು ಒಳಗೆ ತಗೊಂಡೋದ್ರು. ಒದ್ದೆ ಸೀರೆ.


ಡಿಸೆಂಬರ್ 4, ಮಂಗಳವಾರ

ಅಮ್ಮನ ಹತ್ರ ಒಪ್ಕೊಂಡೆ. ಬಸ್‌ಸ್ಟ್ಯಾಂಡಿಂದಲ್ಲ ಅಂತ.

ಅಮ್ಮ ಅಕ್ಕಿ ಆರಿಸ್ತಿದ್ಲು. ತಲೆ ಎತ್ಲಿಲ್ಲ. "ನಾಲ್ಕು ವರ್ಷದಿಂದ ಮುಡ್ದಿದೀನಿ. ಬೆನ್ನು ನೋಡಿದ್ರೆ ಗೊತ್ತಾಗಲ್ವೇನೆ ನಂಗೆ?"

"ಮತ್ತೆ ಯಾಕೆ ಕಟ್ಟಿದೆ?"

"ಅವಳು ಬೆಳ್ಸಿದ್ದು ನಿಮ್ಮಕ್ಕಂಗೆ ಅಂತ. ನಿಮ್ಮಕ್ಕ ಮುಡೀಲಿ ಅಂತ ಕಟ್ಟಿದೆ."

"ಮತ್ತೆ ಯಾಕೆ ಹಾಗೆ ಹೇಳಿದೆ? ಅವ್ರ ಎದ್ರಿಗೇ?"

ಅಮ್ಮ ಮೊರ ಕೆಳಗಿಟ್ಲು. ಆಮೇಲೆ, "ನೀನು ಸುಳ್ಳು ಹೇಳ್ಕೊಂಡು ತರ್ದೇ ಇದ್ದಿದ್ರೆ ನಾನು ಆ ಸುಳ್ಳು ಹೇಳ್ಬೇಕಿರ್ಲಿಲ್ಲ" ಅಂದ್ಲು. ಬೈದಂಗೆ ಇರ್ಲಿಲ್ಲ. ಸುಸ್ತಾದಂಗೆ ಇತ್ತು.

ಥ್ರೆಡ್ಡಲ್ಲಿ ಇದನ್ನ ಕೇಳ್ಬೇಕು ಅನ್ಸಿತ್ತು. ಏನಂತ ಟೈಟಲ್ ಕೊಡೋದು?


ಡಿಸೆಂಬರ್ 12, ಬುಧವಾರ

ಆಂಟಿ ಹೂವು ಕೊಯ್ಯೋದು ಬಿಟ್ಟಿದಾರೆ. ನೀರು ಹಾಕ್ತಾರೆ. ನಾನು ಹೋದ್ರೆ ಮಾತಾಡ್ತಾರೆ, ಕಾಫಿ ಕೊಡ್ತಾರೆ, ಪ್ರಿಪರೇಟರಿ ಪರೀಕ್ಷೆ ಯಾವಾಗ ಅಂತ ಕೇಳ್ತಾರೆ. ಆ ಭಾನುವಾರದ್ದು ಒಂದು ಮಾತಿಲ್ಲ. ಸಾರಿ ಹೇಳಕ್ಕೆ ನಾಲ್ಕೈದು ಸಲ ಬಾಯಿ ತೆಗ್ದೆ. ಪ್ರತಿ ಸಲಾನೂ ಅವ್ರು ಎದ್ದು ಏನೋ ಕೆಲ್ಸಕ್ಕೆ ಹೋಗ್ತಾರೆ.

ಹೂವು ಗಿಡದಲ್ಲೇ ಒಣಗ್ತಿದೆ. ಇಬ್ಬನಿ ಕೂತು ಕಂದು, ಆಮೇಲೆ ಕಪ್ಪು. ಮುಂಚೆ ಒಂದು ಬಾಡಿದ್ದು ಬಿಡ್ತಿರ್ಲಿಲ್ಲ.

ಕ್ವಾರ್ಟರ್ಸ್ ಬಿಡ್ತಾರಂತೆ. ಭಾನುವಾರ ಮಗಳ ಮನೆಗೆ. ದಾವಣಗೆರೇಲಿ ಎರಡನೇ ಮಹಡಿ. ಮಣ್ಣೇ ಇಲ್ಲ.


ಡಿಸೆಂಬರ್ 16, ಭಾನುವಾರ

ಹೋದ್ರು.

ಹೊರಡೋ ಮುಂಚೆ ಗಿಡ ಎಲ್ಲ ಬುಡಕ್ಕೆ ಕೊಯ್ದ್ರು. ನಂಗೆ ಗಾಬ್ರಿ ಆಯ್ತು. "ಹೂವು ಮುಗಿದ ಮೇಲೆ ಹೀಗೇ ಮಾಡೋದು ಮಾರಾಯ್ತಿ. ಬುಡದಿಂದ ಮರಿ ಏಳುತ್ತೆ. ಇಷ್ಟೂ ಗೊತ್ತಿಲ್ದೆ ಕಂಪ್ಯೂಟರಲ್ಲಿ ಎಲ್ರಿಗೂ ಪಾಠ ಮಾಡ್ತೀಯಾ?" ಎಷ್ಟೋ ದಿನ ಆದ್ಮೇಲೆ ಒಂದು ಬೈಗುಳ. ಅಳು ಬಂತು.

ಅಮ್ಮ ಬಂದ್ಲು. ಮನೆ ಬಿಟ್ಟು ಹೊರಟೋರಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸ್ತೀವಿ ನಾವು. ಅದು ಕೊಡೋ ಹಾಗಿಲ್ಲ. ಬೇರೆ ಏನು ಕೊಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ. ಅಮ್ಮ ಬರೀ ಕೈಲಿ ನಿಂತಿದ್ಲು. ಸೆರಗು ಒಂದ್ಸಲ ಈ ಕೈಗೆ, ಒಂದ್ಸಲ ಆ ಕೈಗೆ.

ಕೊನೆಗೆ, "ಮಂಗಳಕ್ಕ, ಆ ನೇರಳೇದು ಒಂದು ಬುಡ ಕೊಡು. ಈ ಸಲ ಸಾಯ್ಸಲ್ಲ. ಕುಂಡಕ್ಕೆ ಹಾಕಿ ಬಿಸ್ಲಲ್ಲಿ ಇಡ್ತೀನಿ" ಅಂದ್ಲು.

ಅಮ್ಮ ಕೇಳಿಬಿಟ್ಲು. ನಾನು ಆಗ್ಲೇ ಪಿಕಾಸಿ ಹಿಡ್ಕೊಂಡಿದ್ದೆ.

ಆಂಟಿ ಅಮ್ಮನ ಕೈ ಮೇಲೆ ಕೈ ಇಟ್ರು. "ಈಗ ಬೇಡ ನಿಶ್ಚಿತನ ಅಮ್ಮ. ಮದುವೆ ಆಗೋ ಮನೆ. ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಗಿಡದ ಮೇಲೆ ಬರುತ್ತೆ. ಮಾರ್ಚ್ ಕಳೀಲಿ. ಅಷ್ಟೊತ್ತಿಗೆ ಮರಿನೂ ಬಂದಿರುತ್ತೆ. ಗಗನಾ ಕಿತ್ಕೊಂಡು ಬರ್ತಾಳೆ."

ಅಮ್ಮ ಇಲ್ಲ, ಈಗ್ಲೇ ಕೊಡು ಅನ್ನಬೋದಿತ್ತು. ಅಂತಾಳೆ ಅಂತ ಕಾದೆ. ಅಮ್ಮ ಹ್ಞೂಂ ಅಂತ ತಲೆ ಆಡ್ಸಿದ್ಲು.

ಆಂಟಿ ನಂಗೆ, "ಮೂರು ದಿನಕ್ಕೊಂದ್ಸಲ ನೀರು. ಜಾಸ್ತಿ ಬೇಡ, ಚಳಿಗೆ ಬೇರು ಕೊಳೆಯುತ್ತೆ" ಅಂದ್ರು. ಟೆಂಪೋ ಹೋಯ್ತು.


ಡಿಸೆಂಬರ್ 26, ಬುಧವಾರ

ಮರಿ ಬಂದಿದೆ. ನೇರಳೇದಕ್ಕೆ. ಬುಡದ ಸುತ್ತ ಸಣ್ಣ ಸಣ್ಣ ಹಸಿರು ಕಿವಿ.

ಸುದರ್ಶನಂಗೆ ಹೇಳ್ದೆ. ಕಾಯ್ಬೇಡ, ಒಂದೆರಡು ಈಗ್ಲೇ ಕುಂಡಕ್ಕೆ ಹಾಕಿಟ್ಕೋ ಅಂದ. ಮನೆಗೆ ಬಂದು ಅಮ್ಮನ ಕೇಳ್ದೆ. "ಮಂಗಳಕ್ಕನೇ ಮಾರ್ಚ್ ಅಂದಿದಾಳಲ್ಲ." ಸರಿ, ಮಾರ್ಚ್. ಎಲ್ಲಿಗೆ ಹೋಗುತ್ತೆ ಗಿಡ.


ಜನವರಿ 5, 2008. ಶನಿವಾರ

ಬೆಳಿಗ್ಗೆ ನೀರು ಹಾಕಕ್ಕೆ ಹೋದೆ. ಗೇಟ್ ತೆಗೆದಿತ್ತು. ಹೊಸೋರು ಬಂದಿದಾರೆ. ಹೊಸ ಲೈನ್‌ಮ್ಯಾನ್. ನಿನ್ನೆ ಸಂಜೆ ನಾನು ಟ್ಯೂಷನ್ನಿಗೆ ಹೋಗಿದ್ದಾಗ ಸಾಮಾನು ಇಳಿದಿದೆ.

ಅಂಗಳ ಪೂರ್ತಿ ಕೆರೆದಿದಾರೆ. ಬೈಕ್ ನಿಲ್ಲಿಸಕ್ಕೆ. ಮಣ್ಣು ಸಮ ಮಾಡಿ ಸಗಣಿ ಸಾರಿಸಿದ್ದೂ ಆಗಿದೆ. ಮೂಲೇಲಿ ಕಸದ ರಾಶಿಗೆ ಬೆಂಕಿ ಹಾಕಿ ಅವರ ಎರಡು ಮಕ್ಕಳು ಚಳಿ ಕಾಯಿಸ್ತಿದ್ವು. "ಅಕ್ಕ ಬನ್ನಿ, ಬೆಚ್ಚಗಿದೆ" ಅಂದ್ವು.

ರಾಶಿ ಕೆದಕಿದೆ. ಕೋಲಲ್ಲಿ. ಆಮೇಲೆ ಕೈಯಲ್ಲಿ. ಒಂದು ಬುಡ ಸಿಕ್ತು, ಕರಕಲು. ಯಾವ ಜಾತಿ ಅಂತಾನೂ ಗೊತ್ತಾಗ್ಲಿಲ್ಲ. ಆ ಹೆಂಗಸು ಹೊರಗೆ ಬಂದು, "ಏನಾದ್ರೂ ಬೇಕಿತ್ತೇನಮ್ಮ? ಒಣಗಿದ ಕಡ್ಡಿ ಅಂತ ತೆಗೆಸಿದ್ವಿ" ಅಂದ್ರು. ಪಾಪ, ಒಳ್ಳೇ ಹೆಂಗಸು. ಏನಿಲ್ಲ ಅಂದೆ.

ಅಮ್ಮಂಗೆ ಹೇಳ್ದೆ. ಅಮ್ಮ ಬೇಲಿ ತನಕ ಹೋಗಿ ನೋಡಿ ಬಂದ್ಲು. ನನ್ನ ಕೈ ಸುಟ್ಟಿತ್ತು. ಬೆಣ್ಣೆ ಹಚ್ಚಿದ್ಲು.


ಜನವರಿ 6, ಭಾನುವಾರ

ಮಧ್ಯಾಹ್ನ ಫೋನ್ ಬಂತು. ಅಮ್ಮ ಎತ್ತಿದ್ಲು. "ಹೇಗಿದೀಯ ಮಂಗಳಕ್ಕ" ಅಂದ್ಲು. ಆಮೇಲೆ ಬರೀ ಹ್ಞೂಂ, ಹ್ಞೂಂ. ಆಮೇಲೆ ಅದೂ ಇಲ್ಲ. ರಿಸೀವರ್ ನನ್ನ ಕಡೆ ಚಾಚಿದ್ಲು. ನಾನು ಬೇಡ ಅಂತ ತಲೆ ಆಡಿಸ್ದೆ. ಅಮ್ಮ ಕೈ ಹಿಂದೆ ತಗೊಳ್ಲಿಲ್ಲ. ತಗೊಂಡೆ.

ಆಂಟಿ ದನಿ ಖುಷೀಲಿತ್ತು. ಮಗಳ ಮನೆ ಓನರ್ ತಾರಸೀಲಿ ನಾಲ್ಕು ಕುಂಡ ಇಟ್ಕೊಳ್ಳಿ ಅಂದಿದಾರಂತೆ. ಮಣ್ಣು ತರ್ಸಿದಾರಂತೆ. ಶಿವರಾತ್ರಿ ಹೊತ್ತಿಗೆ ಊರಿಗೆ ಬರ್ತಾರಂತೆ, ಆಗ ಒಂದು ಬುಡ ಅವ್ರಿಗೆ, ಉಳಿದಿದ್ದೆಲ್ಲ ನಂಗೆ.

"ಮರಿ ಬಂತೇನೆ?"

ಬಂದಿದೆ ಆಂಟಿ ಅಂದೆ.

"ಎಷ್ಟು?"

ಅಮ್ಮ ನನ್ನನ್ನೇ ನೋಡ್ತಿದ್ಲು. ನಾನು, "ನಾಲ್ಕು, ಆಂಟಿ" ಅಂದೆ.